ಕೋಚ್ ಬದಲಾಗ್ಬೇಕು ಕಣ್ರೀ!

ಇಲ್ಲಿ ಬರೆದು ತುಂಬಾ ದಿನವಾಯ್ತು. ಆಫೀಸಿನಲ್ಲಿ ರಿಲೀಸು, ಮನೆಯಲ್ಲಿ ತಂಗಿ ಮದುವೆ, ಆಮೇಲೆ ಸುಮ್ಮನೆ ಸೋಮಾರಿತನ. ಇವತ್ತು ಕೂತು ಬರೆಯೋಣ ಅನ್ನಿಸಿದ್ದು ಕಬಡ್ಡಿ ಬಗ್ಗೆ. ಕ್ರಿಕೆಟ್ ಬಗ್ಗೆ ಬರೆಯೋರು ಬೇಕಾದಷ್ಟು ಜನ ಇದ್ದಾರೆ, ಕಬಡ್ಡಿಗೂ ಒಬ್ಬ ಇರ್ಲಿ ಬಿಡಿ :-)

ನಮ್ಮೂರು ದಾಬಸ್‌ಪೇಟೆ. ಬೆಂಗಳೂರಿನಿಂದ ತುಮಕೂರಿಗೆ ಹೋಗುವಾಗ ನೆಲಮಂಗಲ ದಾಟಿದ ಮೇಲೆ ಎಡಗಡೆ ಶಿವಗಂಗೆ ಬೆಟ್ಟ ಕಾಣಿಸುತ್ತಲ್ಲ, ಅಲ್ಲಿ ಹೆದ್ದಾರಿ ಪಕ್ಕದ ಊರು. ನಿಮ್ಮಲ್ಲಿ ಬಹಳಷ್ಟು ಜನ ಬಸ್ಸಿನಲ್ಲಿ ನಿದ್ದೆ ಮಾಡ್ತಾ ನಮ್ಮೂರನ್ನ ದಾಟಿ ಹೋಗಿರ್ತೀರಿ. ನಾನು ವಾರಕ್ಕೆ ಮೂರು ದಿನ ಬೆಂಗಳೂರಿನ ಆಫೀಸಿಗೆ ಹೋಗಿ ಬರ್ತೀನಿ, ಉಳಿದ ಎರಡು ದಿನ ಮನೆಯಿಂದಲೇ ಕೆಲಸ. ಆ ಎರಡು ದಿನ ರಾತ್ರಿ ಎಂಟಾದ್ರೆ ಲ್ಯಾಪ್‌ಟಾಪ್ ಮುಚ್ಚಿ ಸರ್ಕಲ್ ಹತ್ತಿರದ ಟೀ ಅಂಗಡಿಗೆ ಹಾಜರು. ಅಲ್ಲಿ ಟಿವಿ ಇದೆ, ಪ್ರೊ ಕಬಡ್ಡಿ ಬಂದ್ರೆ ಬೇರೆ ಚಾನಲ್ ಹಾಕೋ ಧೈರ್ಯ ಯಾರಿಗೂ ಇಲ್ಲ.

2024ರ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಆ ಟಿವಿ ಮುಂದೆ ನಾವು ಪಟ್ಟ ಕಷ್ಟ ಶತ್ರುವಿಗೂ ಬೇಡ. ಬೆಂಗಳೂರು ಬುಲ್ಸ್ 22 ಪಂದ್ಯ ಆಡಿ ಗೆದ್ದಿದ್ದು ಎರಡೇ ಎರಡು. ಹನ್ನೆರಡು ತಂಡಗಳಲ್ಲಿ ಹನ್ನೆರಡನೇ ಜಾಗ. ಲೀಗಿನಲ್ಲೇ ಅತಿ ಹೆಚ್ಚು ರೈಡ್ ಪಾಯಿಂಟ್ ಗಳಿಸಿದ ಪ್ರದೀಪ್ ನರ್ವಾಲ್‌ನನ್ನು 70 ಲಕ್ಷ ಕೊಟ್ಟು ಕರೆತಂದು ಕ್ಯಾಪ್ಟನ್ ಮಾಡಿದ್ದರು. ಅಜಿಂಕ್ಯ ಪವಾರ್‌ಗೆ ಒಂದು ಕೋಟಿಗೂ ಮೇಲೆ. ಎರಡು ಹೆಸರು ಕೇಳಿಯೇ ಆಗಸ್ಟಿನಲ್ಲಿ ನಾವು ಕಪ್ ಗೆದ್ದಾಗಿತ್ತು! ನವೆಂಬರ್ ಹೊತ್ತಿಗೆ ಮ್ಯಾಚ್ ನೋಡೋದು ಬಿಟ್ಟು ಎಲ್ಲರೂ ಒಂದೇ ಮಾತಿಗೆ ಬಂದು ನಿಂತರು. ಕೋಚ್ ಬದಲಾಗ್ಬೇಕು ಕಣ್ರೀ.

ಕಬಡ್ಡಿ ನೋಡದವರಿಗೆ ಒಂದು ಮಾತು. 2014ರಲ್ಲಿ ಪ್ರೊ ಕಬಡ್ಡಿ ಶುರುವಾದಾಗಿನಿಂದ ಹನ್ನೊಂದು ಸೀಸನ್ ಬುಲ್ಸ್‌ಗೆ ಒಬ್ಬರೇ ಕೋಚ್, ರಣಧೀರ್ ಸಿಂಗ್ ಸೆಹ್ರಾವತ್. ಆಟಗಾರರು ಬಂದರು, ಹೋದರು, ಜೆರ್ಸಿ ಬದಲಾಯ್ತು, ಅವರು ಮಾತ್ರ ಅದೇ ಬೆಂಚಿನಲ್ಲಿ. 2015ರಲ್ಲಿ ಫೈನಲ್‌ಗೆ ಹೋಗಿ ಯು ಮುಂಬಾ ಎದುರು ಸೋತೆವು. 2019ರ ಜನವರಿ 5ಕ್ಕೆ ಮುಂಬೈನಲ್ಲಿ ಗುಜರಾತನ್ನು 38-33ರಿಂದ ಸೋಲಿಸಿ ಕಪ್ ಎತ್ತಿದೆವು. ಆವತ್ತು ಪವನ್ ಸೆಹ್ರಾವತ್ ಒಬ್ಬನೇ 22 ಪಾಯಿಂಟ್ ತಂದಿದ್ದು. ಆ ರಾತ್ರಿ ಇದೇ ಟೀ ಅಂಗಡಿಯಲ್ಲಿ ಎಲ್ಲರಿಗೂ ಬಾದಾಮಿ ಹಾಲು ಪುಕ್ಕಟೆ. ಅದಾದ ಮೇಲೆ ಕಪ್ಪೂ ಇಲ್ಲ, ಬಾದಾಮಿ ಹಾಲೂ ಇಲ್ಲ.

ಸರಿ, ಚರ್ಚೆಗೆ ಬರೋಣ.

"ಹನ್ನೊಂದು ಸೀಸನ್ ಒಬ್ರೇನಾ? ನಮ್ ಪಂಚಾಯ್ತಿ ಮೆಂಬರ್ರೇ ಐದ್ ವರ್ಸಕ್ಕೆ ಬದಲಾಯ್ತಾನೆ" ಅಂತ ಟೀ ಅಂಗಡಿ ಅಣ್ಣ.

"ಅಲ್ಲ ಕಣ್ಲಾ, ಪ್ರದೀಪನ ಕಾಲು ಮೊದಲಿನಂಗೆ ಓಡ್ತಿಲ್ಲ ಅಂದ್ರೆ ಕೋಚ್ ಏನ್ ಮಾಡ್ತಾನೆ? ಅವ್ರೇ ಹೋಗಿ ರೈಡ್ ಮಾಡಾಕಾಯ್ತದಾ?" ಇದು ಲಾರಿ ಮೆಕ್ಯಾನಿಕ್ ಚಿಕ್ಕಪ್ಪ. ಅವರ ಪ್ರಕಾರ ತಪ್ಪು ಹರಾಜಿನಲ್ಲೇ ಆಗಿದ್ದು. ಹರಾಜಿನಲ್ಲಿ ಕೂತವರನ್ನ ತೆಗೀಬೇಕು.

"ತಂಡದ ಹೆಸರಲ್ಲಿ ಬೆಂಗಳೂರು, ಟೈಮ್ ಔಟ್ ತಗೊಂಡ್ರೆ ಬರೀ ಹಿಂದಿ. ಮೂವತ್ತು ಸೆಕೆಂಡಲ್ಲಿ ಒಂದ್ ಕನ್ನಡ ಪದ ಕೇಳ್ಸಿದ್ರೆ ಕೇಳಿ" ಅಂತ ನನ್ನ ದೊಡ್ಡಪ್ಪನ ಮಗ.

ನಾನು ಅವನ ಪಾರ್ಟಿ. ನನ್ನ ಅಭ್ಯರ್ಥಿ ಬಿ.ಸಿ. ರಮೇಶ್. ಆಫೀಸಿನಲ್ಲಿ ಸ್ಲೈಡ್ ತೋರಿಸೋ ಹಾಗೆ ಒಂದೊಂದೇ ಪಾಯಿಂಟ್ ಇಟ್ಟೆ. ಒಂದು, ನಮ್ಮ ಕರ್ನಾಟಕದವರು, ಆಟಗಾರರಾಗಿ ಅರ್ಜುನ ಪ್ರಶಸ್ತಿ ಪಡೆದವರು. ಎರಡು, 2019ರ ಅಕ್ಟೋಬರಿನಲ್ಲಿ ಬೆಂಗಾಲ್ ವಾರಿಯರ್ಸ್‌ಗೆ ಕಪ್ ಗೆಲ್ಲಿಸಿದವರು. ಮೂರು, 2024ರ ಮಾರ್ಚಿನಲ್ಲಿ ಪುಣೇರಿ ಪಲ್ಟನ್‌ಗೆ ಕಪ್ ಗೆಲ್ಲಿಸಿದವರು. ಎರಡು ಬೇರೆ ಬೇರೆ ತಂಡ, ಎರಡು ಕಪ್. ಕೋಲ್ಕತ್ತಾಗೂ ಪುಣೆಗೂ ಕಪ್ ಕೊಡಿಸಿದ ಮನುಷ್ಯ ಬೆಂಗಳೂರಿಗೆ ಯಾಕಿಲ್ಲ? ಸುಕೇಶ್ ಹೆಗ್ಡೆ 2017ರಲ್ಲಿ ಗುಜರಾತ್ ತಂಡದ ಕ್ಯಾಪ್ಟನ್ ಆಗಿ ಫೈನಲ್‌ಗೆ ಹೋದರು. ಪ್ರಶಾಂತ್ ಕುಮಾರ್ ರೈ 2022ರಲ್ಲಿ ಪಟ್ನಾವನ್ನು ಫೈನಲ್‌ಗೆ ಒಯ್ದು ಒಂದೇ ಒಂದು ಪಾಯಿಂಟಿನಿಂದ ಸೋತರು. ನಮ್ಮ ಹುಡುಗರು ಬೇರೆಯವರ ಮನೆ ಬೆಳಗೋದೇ ಆಯ್ತಲ್ಲ ಅಂತ ಭಾಷಣ ಬಿಗಿದೆ. ಚಪ್ಪಾಳೆ ಬಿತ್ತು ಕೂಡ.

ಆಗ ಮೂಲೆಯ ಬೆಂಚಿನಿಂದ ಒಂದು ದನಿ. "ಆರ್‌ಸಿಬಿಗೆ 2008ರಲ್ಲಿ ಕೋಚ್ ಯಾರಿದ್ರಪ್ಪ?"

ವೆಂಕಟೇಶ್ ಪ್ರಸಾದ್. ಕ್ಯಾಪ್ಟನ್ ದ್ರಾವಿಡ್. ಎಂಟು ತಂಡದಲ್ಲಿ ಏಳನೇ ಜಾಗ. ನಾನು ತೆಪ್ಪಗಾದೆ.

ದನಿ ನಮ್ಮ ಪಿ.ಟಿ. ಮೇಷ್ಟ್ರದ್ದು. ಹೈಸ್ಕೂಲಿನಲ್ಲಿ ನಮಗೆಲ್ಲ ಕಬಡ್ಡಿ ಕಲಿಸಿದವರು, ರಿಟೈರ್ ಆಗಿ ಆರು ವರ್ಷವಾಗಿದೆ. ಬೈಟು ಟೀ ಹೀರ್ತಾ ಮತ್ತೆ ಹೇಳಿದರು. "ಹೊರಗಿನೋನು ಬ್ಯಾಡ ಹೊರಗಿನೋನು ಬ್ಯಾಡ ಅಂತೀರಲ್ಲ, ನೀವು ಕುಂತಿರೋ ಊರಿನ ಹೆಸರು ಯಾರ್ದು? ತುಮಕೂರು ಸೀಮೆ ಆಳಿದ ಡಾಬ್ಸ್ ಅನ್ನೋ ಇಂಗ್ಲೀಷ್ ಸಾಹೇಬಂದು. ಅವ್ನು ಕನ್ನಡದೋನಾ?" ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಒಳಗೆ ಸ್ವಲ್ಪ ಉರೀತು. ಯಾಕೆ ಉರೀತು ಅನ್ನೋದೇ ಈ ಬರಹದ ವಿಷಯ.

ನಮ್ಮೂರಲ್ಲೂ ಒಂದು ಟೀಮಿದೆ. ದೊಡ್ಡದೇನಲ್ಲ. ಸೋಂಪುರ ಕೈಗಾರಿಕಾ ಪ್ರದೇಶದ ಫ್ಯಾಕ್ಟರಿಗಳಲ್ಲಿ ಕೆಲಸ ಮಾಡೋ ಹುಡುಗರು, ಡಿಗ್ರಿ ಓದೋರು ಮೂರ್ನಾಲ್ಕು ಜನ, ಒಬ್ಬ ಆಟೋ ಓಡಿಸ್ತಾನೆ. ನೆಲಮಂಗಲ, ದೊಡ್ಡಬಳ್ಳಾಪುರ, ಮಾಗಡಿ ಕಡೆ ಹೊನಲು ಬೆಳಕಿನ ಪಂದ್ಯಾವಳಿ ಎಲ್ಲೇ ನಡೆದರೂ ಒಂದು ಟೆಂಪೋ ಮಾಡ್ಕೊಂಡು ಹೋಗ್ತಾರೆ. ಇವರಿಗೆ ಕೋಚ್ ಮೇಷ್ಟ್ರೇ. ಸಂಬಳ ಇಲ್ಲ, ಭತ್ಯೆ ಇಲ್ಲ, ಟೆಂಪೋದಲ್ಲಿ ಮುಂದಿನ ಸೀಟು ಮಾತ್ರ ಅವರಿಗೆ. ಎರಡು ವರ್ಷದಿಂದ ಜೆರ್ಸಿ ಖರ್ಚು, ಎಂಟ್ರಿ ಫೀಸು ನಾನು ಕೊಡ್ತಿದ್ದೆ. ದುಡ್ಡು ಕೊಡೋನಿಗೆ ಬಾಯಿ ಬರುತ್ತೆ ನೋಡಿ, ನನಗೂ ಬಂತು.

2025ರ ಜನವರಿ. ಸಂಕ್ರಾಂತಿಗೆ ಶಿವಗಂಗೆಯಲ್ಲಿ ಗಿರಿಜಾ ಕಲ್ಯಾಣ, ಊರ ತುಂಬ ಜನ. ಅದೇ ವಾರ ಪಕ್ಕದ ಊರಿನ ಪಂದ್ಯಾವಳಿಯಲ್ಲಿ ನಮ್ಮ ಟೀಮು ಮೊದಲನೇ ರೌಂಡಿನಲ್ಲೇ ಸೋತು ಬಂತು. ಅದೂ ಎರಡು ಸಲ ಆಲೌಟ್ ಆಗಿ. ಪಂದ್ಯ ಮ್ಯಾಟ್ ಮೇಲೆ ಇತ್ತು, ನಮ್ಮ ಹುಡುಗರಿಗೆ ಮಣ್ಣಿನ ಅಂಕಣವೇ ಗೊತ್ತು. ರಾತ್ರಿ ಟೀ ಅಂಗಡಿಯಲ್ಲಿ ಮತ್ತೆ ಸಭೆ. ಬುಲ್ಸ್ ಬಗ್ಗೆ ಮೂರು ತಿಂಗಳು ಆಡಿದ ಮಾತು ಬಾಯಲ್ಲೇ ರೆಡಿ ಇತ್ತು, ಹೆಸರು ಬದಲಾಯಿಸಿದರೆ ಸಾಕಿತ್ತು. ಕೋಚ್ ಹಳಬರಾದ್ರು. ಈಗಿನ ಆಟ ಬೇರೆ. ಬೆಂಗಳೂರಿನಲ್ಲಿ ಯೂನಿವರ್ಸಿಟಿ ಟೀಮಿಗೆ ಆಡಿದ ಒಬ್ಬರು ಸಿಗ್ತಾರೆ, ಭಾನುವಾರ ಬರ್ತಾರೆ, ಪೆಟ್ರೋಲ್ ಖರ್ಚು ಕೊಟ್ಟರೆ ಸಾಕು. ತಮಾಷೆ ಏನಪ್ಪಾ ಅಂದ್ರೆ, ಬುಲ್ಸ್‌ಗೆ ನಮ್ಮವರೇ ಬೇಕು ಅಂತ ಅರಚಿದ ನಾನೇ ನಮ್ಮೂರಿಗೆ ಹೊರಗಿನವರು ಬೇಕು ಅಂತ ವಾದ ಮಾಡಿದೆ!

ಇಲ್ಲಿ ಇನ್ನೊಂದು ವಿಷಯ ಹೇಳಲೇಬೇಕು. 2012ರಲ್ಲಿ ನಾನು ಟೆನ್ತ್. ತಾಲ್ಲೂಕು ಮಟ್ಟದ ಫೈನಲ್ ದಿನ ಬೆಳಿಗ್ಗೆ ಮೇಷ್ಟ್ರು ನನ್ನನ್ನ ಏಳು ಜನರಿಂದ ತೆಗೆದು ಬೇರೆ ಹುಡುಗನನ್ನ ಹಾಕಿದರು. ಕಾರಣ ಹೇಳಲಿಲ್ಲ. ನಾನು ಇಡೀ ಪಂದ್ಯ ನೀರಿನ ಕ್ಯಾನ್ ಹಿಡ್ಕೊಂಡು ನಿಂತಿದ್ದೆ. ಅಪ್ಪ ಬೇರೆ ನೋಡೋಕೆ ಬಂದಿದ್ದರು. ಆಮೇಲೆ ಪಿಯುಸಿ, ಸಿಇಟಿ, ಇಂಜಿನಿಯರಿಂಗು, ಕೆಲಸ... ಎಲ್ಲ ಆಯ್ತು, ಆ ಕ್ಯಾನ್ ಮಾತ್ರ ಕೈಯಿಂದ ಕೆಳಗಿಳಿದಿರಲಿಲ್ಲ ಅಂತ ಈಗ ಅನ್ನಿಸುತ್ತೆ. ಮೇಷ್ಟ್ರನ್ನ ಬದಲಾಯಿಸೋಣ ಅಂತ ನಾನು ಕೊಟ್ಟ ಕಾರಣಗಳೆಲ್ಲ ಸರಿಯಾಗಿದ್ದವು. ಆದರೆ ಆ ಕಾರಣಗಳನ್ನ ಹುಡುಕಿದ್ದು ಯಾರು ಅಂದ್ರೆ, ಕ್ಯಾನ್ ಹಿಡಿದು ನಿಂತ ಆ ಹುಡುಗ.

"ನೀನೇ ಹೋಗಿ ಹೇಳು, ನಿನ್ ಮಾತು ಕೇಳ್ತಾರೆ" ಅಂತ ಎಲ್ಲರೂ ಜಾರಿಕೊಂಡರು. ಭಾನುವಾರ ಸಂಜೆ ಹೋದೆ. ಮೇಷ್ಟ್ರು, ಅವರ ಮನೆಯವರು ಜಗುಲಿ ಮೇಲೆ ಕೂತು ಅವರೆಕಾಳು ಹಿತುಕುತ್ತಿದ್ದರು. ನನಗೂ ಒಂದು ತಟ್ಟೆ ಕೊಟ್ಟರು. ಕಾಲು ಗಂಟೆ ಹಿತುಕಿದೆ, ಮಾತೇ ಹೊರಡಲಿಲ್ಲ. ಕೊನೆಗೆ ಅವರೇ ಕೇಳಿದರು.

"ಹೊಸಬ್ರು ಒಳ್ಳೇ ಆಟಗಾರ್ರಾ?"

"ಹೂಂ ಸಾರ್. ಮ್ಯಾಟ್ ಮೇಲೆ ಆಡಿದ ಅನುಭವ ಇದೆ."

"ಒಳ್ಳೇದಾಯ್ತು ಬಿಡು. ನಂಗೆ ಮ್ಯಾಟ್ ಗೊತ್ತಿಲ್ಲ ಕಣಯ್ಯ, ನಾನು ಮಣ್ಣಿನೋನು." ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂಕಣಕ್ಕೆ ಹಾಕೋ ಸುಣ್ಣದ ಚೀಲ ಹಿತ್ತಲಲ್ಲೈತೆ. ತಗಂಡೋಗು" ಅಂದರು.

ಚೀಲವನ್ನ ಸ್ಕೂಟರಿನ ಮುಂದೆ ಇಟ್ಕೊಂಡು ಬಂದೆ. ಪ್ಯಾಂಟೆಲ್ಲ ಬಿಳಿ. ದಾರಿಯಲ್ಲಿ ನನಗಾಗಿದ್ದು ಬೇಜಾರಲ್ಲ, ನಿರಾಳ. ಇಷ್ಟು ಸುಲಭವಾಗಿ ಮುಗೀತಲ್ಲ ಅಂತ. ಒಂದು ಥ್ಯಾಂಕ್ಸ್ ಕೂಡ ಹೇಳಿರಲಿಲ್ಲ ಅನ್ನೋದು ಮನೆಗೆ ಬಂದು ಪ್ಯಾಂಟ್ ಒಗೆಯೋಕೆ ಹಾಕುವಾಗ ಹೊಳೆಯಿತು.

ಹೊಸ ಕೋಚ್ ಕೆಟ್ಟವರಲ್ಲ, ಇದನ್ನ ಸ್ಪಷ್ಟವಾಗಿ ಹೇಳಬೇಕು. ತುಂಬಾ ಒಳ್ಳೆಯವರು. ಕಾರ್ನರ್‌ನವನು ಆಂಕಲ್ ಹೋಲ್ಡ್‌ಗೆ ಯಾವಾಗ ಇಳಿಯಬೇಕು, ಕವರ್‌ನವನು ಅವನಿಗಿಂತ ಮೊದಲೇ ಯಾಕೆ ನುಗ್ಗಬಾರದು, ಮೂರೇ ಜನ ಉಳಿದಾಗ ಸೂಪರ್ ಟ್ಯಾಕಲ್‌ಗೆ ಹೇಗೆ ನಿಲ್ಲಬೇಕು ಅಂತೆಲ್ಲ ಮೊಬೈಲಿನಲ್ಲಿ ವೀಡಿಯೋ ತೋರಿಸಿ ಕಲಿಸಿದರು. ಹುಡುಗರು ಖುಷಿಯಾಗಿದ್ದರು. ಮೊದಲ ತಿಂಗಳು ಹದಿನಾಲ್ಕು ಜನ ಬರ್ತಿದ್ದರು.

ಯುಗಾದಿ ಹೊತ್ತಿಗೆ ಏಳು. ಒಂದು ಭಾನುವಾರ ಐದೇ ಜನ.

ನಮ್ಮ ಟೀಮಿನ ಬೆಸ್ಟ್ ಕವರ್ ಡಿಫೆಂಡರ್ ಮೂರು ವಾರದಿಂದ ನಾಪತ್ತೆ. ಅವನ ಮನೆಗೆ ಹೋದೆ. ಹುಡುಗ ನೈಟ್ ಶಿಫ್ಟ್ ಮುಗಿಸಿ ಮಲಗಿದ್ದ. ಅವರಮ್ಮ ಬಾಗಿಲಲ್ಲೇ ನಿಂತು ಹೇಳಿದ್ದು ಇಷ್ಟು. "ಮೇಷ್ಟ್ರು ಬಂದು ಕೇಳ್ತಿದ್ರು, ಕಳಿಸ್ತಿದ್ದೆ. ಕಾಲು ಮುರ್ಕೊಂಡ್ರೆ ನಾನಿದೀನಿ ಅಂತಿದ್ರು. ಈಗ ಯಾರ್ ಕೇಳ್ತಾರಪ್ಪ?"

ಆಮೇಲೆ ಒಂದೊಂದೇ ಗೊತ್ತಾಗ್ತಾ ಹೋಯ್ತು. ಮೇಷ್ಟ್ರು ದಿನಕ್ಕೆ ಎರಡು ಪ್ರಾಕ್ಟೀಸ್ ಮಾಡಿಸ್ತಿದ್ದರಂತೆ. ಮಧ್ಯಾಹ್ನ ಎರಡಕ್ಕೆ ಕೆಲಸ ಬಿಡೋ ಫಸ್ಟ್ ಶಿಫ್ಟ್ ಹುಡುಗರಿಗೆ ಸಂಜೆ ಐದಕ್ಕೆ, ಸೆಕೆಂಡ್ ಶಿಫ್ಟಿನವರಿಗೆ ಬೆಳಿಗ್ಗೆ ಏಳಕ್ಕೆ. ಪಂದ್ಯಾವಳಿ ಇದ್ದ ವಾರ ಕಂಟ್ರಾಕ್ಟರ್ ಹತ್ತಿರ ಹೋಗಿ ಕೈಮುಗಿದು ಶಿಫ್ಟ್ ಬದಲಾಯಿಸಿ ಕೊಡಿಸ್ತಿದ್ದರಂತೆ. ಮಂಡಿ ಏಟಾದ ಹುಡುಗನನ್ನ ತಮ್ಮ ದುಡ್ಡಲ್ಲಿ ತುಮಕೂರಿಗೆ ಕರ್ಕೊಂಡು ಹೋಗಿದ್ದರಂತೆ. ಎಲ್ಲಾ 'ಅಂತೆ'ಗಳು. ಜೆರ್ಸಿಗೆ ದುಡ್ಡು ಕೊಡ್ತಿದ್ದ ನನಗೆ ಇದ್ಯಾವುದೂ ಗೊತ್ತಿರಲಿಲ್ಲ. ನಾನು ನೋಡ್ತಿದ್ದದ್ದು ಸ್ಕೋರು ಮಾತ್ರ.

ನಮ್ಮ ಕೆಲಸದಲ್ಲಿ ಇರುವವರಿಗೆ ಇದು ಚೆನ್ನಾಗಿ ಅರ್ಥವಾಗುತ್ತೆ. ಹಳೇ ಸಿಸ್ಟಮ್ ತೆಗೆದು ಹೊಸದು ಹಾಕುವಾಗ ಹಳೆಯದು ಏನೇನು ಮಾಡ್ತಿತ್ತು ಅಂತ ಮೊದಲು ಪಟ್ಟಿ ಮಾಡ್ಕೋ, ಯಾರೂ ಬರೆದಿಡದ ಕೆಲಸ ಎಷ್ಟೋ ಅದು ಮಾಡ್ತಿರುತ್ತೆ ಅಂತ ಕೆಲಸಕ್ಕೆ ಸೇರಿದ ಮೊದಲ ವರ್ಷವೇ ಕಲಿಸ್ತಾರೆ. ಆಫೀಸಿನಲ್ಲಿ ಯಾವನೋ ಬರೆದ ಹಳೇ ಕೋಡಿಗೆ ಕೊಡೋ ಮರ್ಯಾದೆ ನಾನು ಮೇಷ್ಟ್ರಿಗೆ ಕೊಟ್ಟಿರಲಿಲ್ಲ.

ಮತ್ತೆ ಅವರ ಮನೆಗೆ ಹೋದೆ. ಈ ಸಲ ಸುತ್ತಿ ಬಳಸಿ ಮಾತಾಡಲಿಲ್ಲ. ತಪ್ಪಾಯ್ತು ಸಾರ್, ವಾಪಸ್ ಬನ್ನಿ ಅಂದೆ.

"ಬರಲ್ಲ" ಅಂದರು, ಕೋಪವಿಲ್ಲದೆ. "ಒಂದು ಅಂಕಣದಾಗೆ ಎರಡು ಸೀಟಿ ಊದಬಾರ್ದು. ಅವ್ರು ಚೆನ್ನಾಗಿ ಕಲಿಸ್ತಾವ್ರೆ, ಹುಡುಗ್ರು ಬಂದ್ ಹೇಳವ್ರೆ. ಆಟ ಅವ್ರು ಕಲಿಸ್ಲಿ. ಮನೆ ಮನೆಗೆ ನೀನು ಹೋಗು. ವಾರದಾಗೆ ಎಲ್ಡು ದಿನ ಮನೇಲೇ ಇರ್ತೀಯಲ್ಲ, ಬೆಳಿಗ್ಗೆ ಏಳಕ್ಕೆ ಗ್ರೌಂಡಿಗೆ ಹೋಗಿ ನಿಂತ್ಕೋ. ನೀನೇನೂ ಕಲಿಸ್ಬ್ಯಾಡ, ಸುಮ್ನೆ ನಿಂತ್ಕೋ. ಬತ್ತಾರೆ."

ನಿಂತೆ. ಮೊದಲ ದಿನ ಒಬ್ಬ ಬಂದ, ಅವನೂ ನನ್ನ ಮುಖ ನೋಡಿ ನಕ್ಕ. ಈಗ ಒಂಬತ್ತು ಹತ್ತು ಜನ ಬರ್ತಾರೆ. ಸುಣ್ಣ ಹಾಕೋದು ನಾನೇ. ನೇರ ಗೆರೆ ಎಳೆಯೋದು ಇಷ್ಟು ಕಷ್ಟ ಅಂತ ಗೊತ್ತಿರಲಿಲ್ಲ :-) ಹೊಸ ಕೋಚ್ ಈಗ ಭಾನುವಾರ ಪ್ರಾಕ್ಟೀಸ್ ಮುಗಿಸಿ ಮೇಷ್ಟ್ರ ಮನೆಯಲ್ಲಿ ಕಾಫಿ ಕುಡಿದೇ ಬೆಂಗಳೂರಿಗೆ ಹೋಗೋದು. ಯಾರ ಮನೆ ಕಷ್ಟ ಏನು, ಯಾರಿಗೆ ಯಾವ ಕಾಲು ನೋವು ಅಂತ ಅಲ್ಲಿ ವರ್ಗಾವಣೆ ಆಗುತ್ತೆ. ಟೀಮು ಕಪ್ಪೇನೂ ಗೆದ್ದಿಲ್ಲ. ಒಂದು ಪಂದ್ಯಾವಳಿಯಲ್ಲಿ ಕ್ವಾರ್ಟರ್ ಫೈನಲ್, ಅಷ್ಟೇ.

ಇತ್ತ ಬುಲ್ಸ್ ಕಥೆ. ನಾವು ಕೇಳಿದ್ದೇ ಆಯ್ತು. 2025ರಲ್ಲಿ ರಣಧೀರ್ ಸಿಂಗ್ ಜಾಗಕ್ಕೆ ಬಿ.ಸಿ. ರಮೇಶ್ ಬಂದರು. ಟೀ ಅಂಗಡಿಯಲ್ಲಿ ನಾನು ಹೀರೋ. ಆಗಸ್ಟ್ 29ಕ್ಕೆ ವಿಶಾಖಪಟ್ಟಣದಲ್ಲಿ ಮೊದಲ ಮ್ಯಾಚು, ಅದೂ ರಮೇಶ್ ಅವರ ಹಳೇ ತಂಡ ಪುಣೆ ಎದುರೇ. 32-32 ಟೈ ಆಗಿ ಟೈಬ್ರೇಕರ್‌ನಲ್ಲಿ ಸೋತೆವು. ಎಲ್ಲರೂ ಕಾಯ್ತಿದ್ದದ್ದು ಟೈಮ್ ಔಟಿಗೆ. ಮೈಕ್ ಹತ್ತಿರ ಬಂತು, ನಮ್ಮ ಕನ್ನಡದ ಕೋಚ್ ಬಾಯಿ ತೆಗೆದರು... ಹಿಂದಿ! ಅಂಗಡಿಯೆಲ್ಲ ಗೊಳ್ ಅಂತ ನಕ್ಕಿತು. ದೊಡ್ಡಪ್ಪನ ಮಗ ಮುಖ ಮುಚ್ಚಿಕೊಂಡ. ಮೇಷ್ಟ್ರು ಮಾತ್ರ ಟೀ ಲೋಟ ಕೆಳಗಿಟ್ಟು, "ಆಡೋ ಹುಡುಗ್ರಿಗೆ ಅರ್ಥ ಆಗ್ಬೇಕಲ್ರಪ್ಪ, ನಮಗಾ?" ಅಂದರು.

ಶುರುವಿನಲ್ಲಿ ಸೋತರೂ ಬುಲ್ಸ್ ಆ ಸೀಸನ್ನಿನಲ್ಲಿ ಎದ್ದು ನಿಂತಿತು, ಪ್ಲೇಆಫ್‌ವರೆಗೂ ಹೋಯ್ತು. ಇರಾನಿನ ಅಲಿರೆಜಾ ಮಿರ್ಜಾಯನ್ ರೈಡಿಗೆ ಹೋದರೆ ಅಂಗಡಿಯಲ್ಲಿ ಬಜ್ಜಿ ಕೂಡ ಯಾರೂ ತಿನ್ತಿರಲಿಲ್ಲ. ಕಪ್ ದೆಹಲಿಗೆ ಹೋಯ್ತು, ಇರಲಿ. ಹೋದ ವರ್ಷ ಹನ್ನೆರಡನೇ ಜಾಗದಲ್ಲಿದ್ದ ತಂಡ. ಹಾಗಾದ್ರೆ ಕೋಚ್ ಬದಲಾಗ್ಬೇಕು ಅಂದ ನಮ್ಮ ವಾದ ಸರಿಯೇ ಆಗಿತ್ತಲ್ವಾ? ಸರಿಯಾಗಿತ್ತು. ನಮ್ಮೂರಲ್ಲೂ ಬದಲಾವಣೆ ಬೇಕಿತ್ತು, ಮ್ಯಾಟಿನ ಆಟ ಮೇಷ್ಟ್ರಿಗೆ ಬರ್ತಿರಲಿಲ್ಲ, ಅವರೇ ಒಪ್ಪಿದರು. ತಪ್ಪಿದ್ದು ಬೇರೆ ಕಡೆ. ಮುಂದೆ ಯಾರು ಬರಬೇಕು ಅಂತ ಮೂರು ತಿಂಗಳು ಮಾತಾಡಿದೆವು. ಇರುವವರು ಏನು ಮಾಡ್ತಿದ್ದಾರೆ ಅಂತ ಮೂರು ನಿಮಿಷ ಕೇಳಲಿಲ್ಲ, ಹೋಗುವವರನ್ನ ಹೇಗೆ ಕಳಿಸಬೇಕು ಅಂತ ಯೋಚಿಸಲೇ ಇಲ್ಲ. ಹರಾಜು ನಮ್ಮ ಕೈಯಲ್ಲಿಲ್ಲ. 2023ರ ಡಿಸೆಂಬರಿನಲ್ಲಿ ಕಂಠೀರವದಲ್ಲಿ ಕೂತು ಕೂಗಿದ ಮೇಲೆ ಎರಡು ಸೀಸನ್ ಬೆಂಗಳೂರಿನಲ್ಲಿ ಒಂದು ಮ್ಯಾಚೂ ಇರಲಿಲ್ಲ, ಅದೂ ನಮ್ಮ ಕೈಯಲ್ಲಿಲ್ಲ. ಕೈಗೆ ಸಿಗೋದು ಒಂದು ಹೆಸರು ಮಾತ್ರ, ಅದಕ್ಕೇ ಅದನ್ನೇ ಜಗ್ಗಾಡ್ತೀವಿ ಅನ್ನಿಸುತ್ತೆ.

ರಣಧೀರ್ ಸಿಂಗ್ ಅವರು ಇದನ್ನ ಓದೋದಿಲ್ಲ. ಆದರೂ ಇಲ್ಲಿ ಬರೆದಿಡ್ತೀನಿ. ಹನ್ನೊಂದು ಸೀಸನ್ನಿಗೆ, 2019ರ ಆ ರಾತ್ರಿಗೆ, ಆ ಬಾದಾಮಿ ಹಾಲಿಗೆ ಥ್ಯಾಂಕ್ಸ್ ಸಾರ್.

ಮೇಷ್ಟ್ರಿಗೆ ಎದುರಿಗೇ ಹೇಳಿದೆ. ಹೇಳಿದ ಮೇಲೆ ಧೈರ್ಯ ಬಂದು ಹದಿಮೂರು ವರ್ಷದ ಪ್ರಶ್ನೆಯನ್ನೂ ಕೇಳಿಬಿಟ್ಟೆ. "ಸಾರ್, ಟೆನ್ತ್‌ನಲ್ಲಿ ಫೈನಲ್ ದಿನ ನನ್ನನ್ನ ಯಾಕೆ ಬಿಟ್ರಿ?"

ಅವರಿಗೆ ನೆನಪಾಗೋಕೆ ಸ್ವಲ್ಪ ಹೊತ್ತು ಬೇಕಾಯ್ತು. ಆಮೇಲೆ ಅಂದರು, "ನೀನು ಬೋನಸ್ ಲೈನ್ ನೋಡ್ಕಂಡು ವಾಪಸ್ ಬತ್ತಿದ್ದೆ ಕಣಯ್ಯ. ಆ ಹುಡುಗ ಮುಟ್ಟಿ ಬತ್ತಿದ್ದ."

"ಅಷ್ಟೇನಾ ಸಾರ್?"

"ಮತ್ತಿನ್ನೇನು?"

ಅಷ್ಟೇ!

ನಿಮ್ಮೂರಲ್ಲೂ ಇಂಥ ಮೇಷ್ಟ್ರು ಯಾರಾದ್ರೂ ಇದ್ರೆ ಬರೆದು ತಿಳಿಸಿ. ನಾಳೆ ಬೆಳಿಗ್ಗೆ ಏಳಕ್ಕೆ ನನಗೆ ಗ್ರೌಂಡಿದೆ, ಮಲಗ್ತೀನಿ.